ನಿಂತವಳ ಅಳತೆ

ತಿಪಟೂರಿನ ಒಂದು ಬೀದಿಯಲ್ಲಿ ಪುಟ್ಟತಾಯಮ್ಮ ಎಂಬವರು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದರು. ಅವರ ಹತ್ತಿರ ಸರ್ವಮಂಗಳ ಎಂಬ ಹುಡುಗಿ ಆರು ವರ್ಷದಿಂದ ಕೆಲಸ ಕಲಿಯುತ್ತಿದ್ದಳು. ಎಲ್ಲರೂ ಅವಳನ್ನು ಮಂಗಳ ಎನ್ನುತ್ತಿದ್ದರು. ಮಂಗಳ ಗುಂಡಿ ಹಚ್ಚಿದಳು, ಅಂಚು ಮಡಿಸಿದಳು, ಮಿಷನ್ ತುಳಿದಳು. ಕತ್ತರಿಯನ್ನು ಮಾತ್ರ ಪುಟ್ಟತಾಯಮ್ಮ ಅವಳ ಕೈಗೆ ಕೊಟ್ಟಿರಲಿಲ್ಲ.

"ಹೊಲಿದದ್ದು ತಪ್ಪಾದ್ರೆ ಬಿಚ್ಚಬಹುದು ಕಣೇ. ಕತ್ತರಿಸಿದ್ದನ್ನ ಏನ್ ಮಾಡ್ತೀಯ?" ಎನ್ನುತ್ತಿದ್ದರು.

ಮಾತು ನಿಜವೇ. ಆದರೆ ನಿಜವಾದ ಮಾತನ್ನು ಆರು ವರ್ಷ ದಿನಾ ಕೇಳಿದರೆ ಯಾರಿಗಾದರೂ ತಲೆ ಕೆಡುತ್ತದೆ. ನನಗಿಂತ ಆಮೇಲೆ ಹೊಲಿಗೆ ಕಲಿತವರೆಲ್ಲ ಸ್ವಂತ ಬೋರ್ಡು ಹಾಕಿಕೊಂಡರು, ನಾನಿನ್ನೂ ಗುಂಡಿ ಹಚ್ಚುತ್ತಾ ಕೂತಿದ್ದೇನೆ ಎಂದು ಮಂಗಳ ಒಳಗೊಳಗೇ ಕುದಿಯುತ್ತಿದ್ದಳು.

ಒಂದು ದಿನ ಪುಟ್ಟತಾಯಮ್ಮನವರಿಗೆ ಎರಡೂ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂತು. ಆಸ್ಪತ್ರೆಗೆ ಹೊರಡುವ ಮುಂಚೆ ಕತ್ತರಿಯನ್ನು ಮಂಗಳನ ಮುಂದಿಟ್ಟರು.

"ನಾನು ಬರೋವರೆಗೂ ಅಂಗಡಿ ನಿಂದು. ಯಾರಾದ್ರೂ ಬಂದ್ರೆ ನೀನೇ ಕತ್ತರಿಸು. ವಾಪಸ್ ಬಂದು ನೋಡ್ತೀನಿ. ಸರಿಯಾಗಿದ್ರೆ ಮುಂದಕ್ಕೂ ಕತ್ತರಿ ನಿನ್ನ ಕೈಲೇ ಇರುತ್ತೆ."

ಮೂರನೇ ದಿನವೇ ಚಂದ್ರಕಲಾ ಬಂದರು. ಅವರಿಗೆ ಅಂಗನವಾಡಿ ಮೇಲ್ವಿಚಾರಕಿಯಾಗಿ ಹೊಸದಾಗಿ ಕೆಲಸ ಸಿಕ್ಕಿತ್ತು. ಸುತ್ತಲ ಊರುಗಳಿಗೆ ಬಸ್ಸಿನಲ್ಲಿ ಹೋಗಿ ಬರಬೇಕಿತ್ತು. ಅವರ ಕಷ್ಟ ಒಂದೇ. ಬೀರು ತುಂಬ ಬಟ್ಟೆ, ಹಾಕಿಕೊಳ್ಳಲು ಒಂದೂ ಇಲ್ಲ. ನಗಬೇಡಿ, ಈ ಕಾಯಿಲೆ ಬಹಳ ಮನೆಗಳಲ್ಲಿದೆ. ಸೀರೆ ಸಿಕ್ಕಿದರೆ ರವಿಕೆ ಸಿಗುವುದಿಲ್ಲ, ಚೂಡಿದಾರಕ್ಕೆ ವೇಲು ಹೊಂದುವುದಿಲ್ಲ, ಅಷ್ಟರಲ್ಲಿ ಎಂಟೂಕಾಲಿನ ಬಸ್ಸು ಹೊರಟುಹೋಗುತ್ತದೆ. ಒಂದು ವಾರದಲ್ಲಿ ಎರಡು ಸಲ ಹಾಗಾಗಿತ್ತು.

"ನೋಡು ಮಂಗಳ," ಎಂದು ಅವರು ಫೋನು ತೋರಿಸಿದರು. "ಫ್ರಾನ್ಸಿನ ಹೆಂಗಸರು ಹೀಗೆ ಹಾಕ್ಕೋತಾರಂತೆ. ಕೆಲವೇ ಬಟ್ಟೆ. ತಣ್ಣನೆ ಬಣ್ಣ. ಝರಿ ಇಲ್ಲ, ಮಣಿ ಇಲ್ಲ. ಆದ್ರೆ ಹೊಲಿಗೆ ಮಾತ್ರ ಮೈಗೆ ಎರಕ ಹೊಯ್ದಂಗೆ ಕೂತಿರುತ್ತೆ. ಬೆಳಗ್ಗೆ ಎದ್ದು ಯಾವುದು ಕೈಗೆ ಸಿಕ್ರೂ ಹಾಕ್ಕೊಂಡು ಹೊರಡಬಹುದು. ನಂಗೂ ಇಂಥವು ಐದು ಹೊಲಿದುಕೊಡು."

ಮಂಗಳನ ಕಣ್ಣರಳಿತು. ಚಿತ್ರಗಳಲ್ಲಿ ಒಬ್ಬಳು ಸೇತುವೆಯ ಮೇಲೆ ನಿಂತಿದ್ದಳು. ಒಬ್ಬಳು ಅಂಗಡಿಯ ಮುಂದೆ ನಿಂತಿದ್ದಳು. ಇನ್ನೊಬ್ಬಳು ಸೈಕಲ್ಲು ಹಿಡಿದುಕೊಂಡು ನಿಂತಿದ್ದಳು. ಒಬ್ಬರ ಮೈಮೇಲೂ ಒಂದು ಸುಕ್ಕಿರಲಿಲ್ಲ.

ಪುಟ್ಟತಾಯಮ್ಮನವರಾಗಿದ್ದರೆ ಟೇಪು ಹಿಡಿಯುವ ಮುಂಚೆ ಅರ್ಧ ಗಂಟೆ ಹರಟುತ್ತಿದ್ದರು. ಎಲ್ಲಿ ಕೆಲಸ, ಹೇಗೆ ಹೋಗ್ತೀಯ, ಮನೇಲಿ ಮಕ್ಕಳೆಷ್ಟು, ನೀರು ನೀನೇ ಹೊರ್ತೀಯಾ ಎಂದೆಲ್ಲ ಕೇಳುತ್ತಿದ್ದರು. ಮುದುಕಿಗೆ ಊರ ಉಸಾಬರಿ ಎಂದೇ ಮಂಗಳ ಅಂದುಕೊಂಡಿದ್ದಳು. ಅವಳು ಹರಟಲಿಲ್ಲ. ಚಂದ್ರಕಲಾರನ್ನು ನೆಟ್ಟಗೆ ನಿಲ್ಲಿಸಿ ಅಳತೆ ತೆಗೆದುಕೊಂಡಳು, ಆಯಿತು ಎಂದಳು.

ಚಿತ್ರದಲ್ಲಿ ಟಾಪಿನ ಪಕ್ಕಕ್ಕೆ ಸೀಳು ಇರಲಿಲ್ಲ. ಮಂಗಳ ಸೀಳು ಬಿಡಲಿಲ್ಲ, ಮೊಣಕಾಲಿನ ಕೆಳಗಿನವರೆಗೂ ಒಂದೇ ಸಮನೆ ಹೊಲಿದಳು. ಮುಂದೆ ಮೈ ಬಂದರೆ ಸಡಿಲಿಸಲು ಇರಲಿ ಎಂದು ಪುಟ್ಟತಾಯಮ್ಮ ಯಾವಾಗಲೂ ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಬಿಡುತ್ತಿದ್ದರು. ಅದು ಉಬ್ಬಿ ಕಂಡು ಅಂದ ಕೆಡುತ್ತದೆ ಎಂದು ಮಂಗಳ ಅದನ್ನೂ ಕತ್ತರಿಸಿ ಎಸೆದಳು. ಆರು ವರ್ಷದ ಹಸಿವು ನೋಡಿ, ಕತ್ತರಿ ಎಲ್ಲಿಯೂ ನಿಲ್ಲಲಿಲ್ಲ.

ಬಟ್ಟೆ ಬಹಳ ಚೆನ್ನಾಗಿ ಬಂತು. ಸುಳ್ಳು ಹೇಳಬಾರದು, ನಿಜವಾಗಿಯೂ ಚೆನ್ನಾಗಿ ಬಂತು. ಚಂದ್ರಕಲಾ ಕನ್ನಡಿಯ ಮುಂದೆ ನಿಂತು ತಮ್ಮನ್ನೇ ಗುರುತು ಹಿಡಿಯಲಾರದಂತೆ ನೋಡಿಕೊಂಡರು. ಆ ಖುಷಿಯಲ್ಲಿ, ಮನೆಯಲ್ಲಿ ಉಡಲು ಎರಡು ಸೀರೆ ಬಿಟ್ಟು, ಹಳೆಯ ಬಟ್ಟೆಯನ್ನೆಲ್ಲ ನಾದಿನಿಯರಿಗೂ ತಂಗಿಗೂ ಹಂಚಿ ಬೀರು ಖಾಲಿ ಮಾಡಿದರು. ಬೀದಿಯವರೆಲ್ಲ "ಯಾರೇ ಹೊಲಿದದ್ದು?" ಎಂದು ಕೇಳುವಾಗ ಮಂಗಳನಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮುಂದಿನ ವಾರ ಮಂಗಳನ ಅಕ್ಕನ ಊರಿನ ಅಂಗನವಾಡಿಯಲ್ಲಿ ತಾಯಂದಿರ ಸಭೆ ಇತ್ತು. ಅಕ್ಕನಿಗೆ ಜ್ವರ. ಅವಳ ಮಗಳನ್ನು ಎತ್ತಿಕೊಂಡು ಮಂಗಳನೇ ಹೋದಳು. ಇಪ್ಪತ್ತು ಮಂದಿ ಹೆಂಗಸರು ಜಮಖಾನದ ಮೇಲೆ ಕೂತಿದ್ದರು. ಚಂದ್ರಕಲಾ ಬೂದು ಬಣ್ಣದ ಟಾಪು ಹಾಕಿಕೊಂಡು ಬಂದರು. ನೋಡಲು ಎರಡು ಕಣ್ಣು ಸಾಲದು. 'ನಾನು ಹೊಲಿದದ್ದು' ಎಂದು ಪಕ್ಕದವಳಿಗೆ ಹೇಳಲು ಮಂಗಳ ಬಾಯಿ ತೆರೆದಿದ್ದಳು.

"ಬನ್ನಿ ಮೇಡಂ, ಕೂತ್ಕಳಿ," ಎಂದು ಹೆಂಗಸರು ಸರಿದು ಜಾಗ ಮಾಡಿದರು.

ಚಂದ್ರಕಲಾ ಮೊಣಕಾಲು ಮಡಿಸಲು ನೋಡಿದರು. ಬಟ್ಟೆ ಬಿಡಲಿಲ್ಲ. ಇನ್ನೊಂದು ಸಲ ನೋಡಿದರು. ಹೊಲಿಗೆ ಚರ್ ಎಂದಿತು. ಅವರು ಬೆಚ್ಚಿ ನೆಟ್ಟಗಾದರು.

"ಪರವಾಗಿಲ್ಲ, ನಾನು ನಿಂತೇ ಮಾತಾಡ್ತೀನಿ."

ಹೆಂಗಸರು ಮುಖ ಮುಖ ನೋಡಿಕೊಂಡರು. ಯಾರೋ ಕೂತಲ್ಲಿಂದಲೇ ಕೂಸನ್ನು ಎತ್ತಿ ಹಿಡಿದರು. ಕೆಳಕ್ಕೆ ಬಗ್ಗಲೂ ಆಗದೆ ಚಂದ್ರಕಲಾ ಒಂದು ಹೆಜ್ಜೆ ಹಿಂದೆ ಸರಿದರು. ಅಲ್ಲಿಗೆ ಸಭೆಯ ಹದ ಕೆಟ್ಟಿತು.

ಈರಮ್ಮ ಎಂಬ ಮುದುಕಿ ಗೋಡೆಯ ಪಕ್ಕ ಕೂತಿದ್ದಳು. ಅವಳ ಸೊಸೆ ಬಾಣಂತನ ಮುಗಿಸಿ ತವರಿನಿಂದ ಅದೇ ವಾರ ಬಂದಿದ್ದಳು. ಐದು ತಿಂಗಳ ಕೂಸು ಹಾಲಿಗೆ ಬಾಯಿಯಿಟ್ಟ ಕೂಡಲೇ ಅಳುತ್ತಿತ್ತು, ದಿನದಿನಕ್ಕೆ ಸೊರಗುತ್ತಿತ್ತು. ಮೇಡಂ ಪಕ್ಕದಲ್ಲಿ ಕೂತರೆ ಮೆಲ್ಲಗೆ ಕಿವಿಯಲ್ಲಿ ಹೇಳಬೇಕೆಂದು ಈರಮ್ಮ ಬಂದಿದ್ದಳು. ಊರ ಮುಂದೆ ಕೂಗಿ ಹೇಳಿದರೆ, ಸೊಸೆಗೆ ಕೂಸು ಸಾಕಲು ಬರುವುದಿಲ್ಲ ಎಂದು ನಾಲ್ಕು ಜನ ಆಡಿಕೊಳ್ಳುತ್ತಾರೆ. ಮುದುಕಿ ಎದ್ದು ಸೊಸೆಯ ಕೈ ಹಿಡಿದಳು.

"ನಡಿಯವ್ವ ಹೋಗಾನ. ನೆಲದ ಮ್ಯಾಲೆ ಕೂರೋರ್ ತಾವ ಈವಮ್ಮಂಗೇನ್ ಕೆಲ್ಸ. ಎಂಥ ಗತ್ತು!"

ಚಂದ್ರಕಲಾರ ಕಣ್ಣು ತುಂಬಿತು. ನನ್ನ ಬಟ್ಟೆ ಬಿಗಿ ಎಂದು ಅಷ್ಟು ಜನರ ಮುಂದೆ ಯಾವ ಹೆಂಗಸು ಹೇಳುತ್ತಾಳೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ತಪ್ಪು ಕತ್ತರಿಯದು, ಗತ್ತಿನ ಹೆಸರು ಉಟ್ಟವರಿಗೆ. ಆ ತಪ್ಪು ಯಾರದೆಂದು ಗೊತ್ತಿದ್ದವಳು ಅಲ್ಲಿ ಒಬ್ಬಳೇ ಇದ್ದಳು. ಅವಳು ಬಾಯಿ ಬಿಡಲಿಲ್ಲ. ಹೇಳಿದರೆ ಕತ್ತರಿ ಹೋಗುತ್ತದೆ ಎಂದು ಮಂಗಳ ತಲೆ ತಗ್ಗಿಸಿ ಕೂತಳು.

ಮನೆಗೆ ಬಂದರೆ ಅನ್ನ ಸೇರಲಿಲ್ಲ. ಮಾಡದ ತಪ್ಪಿಗೆ ಒಬ್ಬರು ಬೈಸಿಕೊಂಡದ್ದನ್ನು ಕಣ್ಣಾರೆ ಕಂಡವಳಿಗೆ ಅನ್ನ ಹೇಗೆ ಸೇರೀತು? ಪುಟ್ಟತಾಯಮ್ಮ ಅಂದೇ ಆಸ್ಪತ್ರೆಯಿಂದ ಬಂದಿದ್ದರು. ಮಂಗಳ ನೇರ ಅವರ ಮನೆಗೆ ಹೋಗಿ ಎಲ್ಲ ಹೇಳಿ ಅತ್ತಳು. ಕೊನೆಗೆ, "ಬೈಯ್ರಮ್ಮ. ಫ್ರಾನ್ಸು ಗೀನ್ಸು ಅಂತ ಹೋಗಿ ಕೆಟ್ಟೆ," ಎಂದಳು.

ಕಪ್ಪು ಕನ್ನಡಕ ಹಾಕಿಕೊಂಡಿದ್ದ ಪುಟ್ಟತಾಯಮ್ಮ ಹುಬ್ಬು ಗಂಟಿಕ್ಕಿದರು.

"ಫ್ರಾನ್ಸಿನೋರು ಏನೇ ಮಾಡಿದ್ರು ಪಾಪ? ಆ ಬಟ್ಟೆ ತಗೊಂಡ್ ಬಾ."

ಮಂಗಳ ಓಡಿಹೋಗಿ ಚಂದ್ರಕಲಾರ ಮನೆಯಿಂದ ಐದೂ ಟಾಪು ತಂದಳು. ಪುಟ್ಟತಾಯಮ್ಮನವರಿಗೆ ಇನ್ನೂ ಸೂಜಿ ಕಾಣುತ್ತಿರಲಿಲ್ಲ. ಬೆರಳಿನಿಂದಲೇ ಹೊಲಿಗೆಯ ಮೇಲೆ ಸವರಿ ನೋಡಿದರು. ಹೆಗಲ ಹತ್ತಿರ ಬೆರಳು ನಿಂತಿತು.

"ಈ ಹೆಗಲು ನಾನೂ ಇಷ್ಟು ಚೆನ್ನಾಗಿ ಕೂರಿಸ್ತಿರಲಿಲ್ಲ. ಫ್ರಾನ್ಸಿನೋರು ಸುಮ್ನೆ ಹೆಸರು ಮಾಡಿಲ್ಲ ಕಣೇ. ಐದೇ ಬಟ್ಟೆ ಸಾಕು ಅನ್ನೋದು ಎಂಥ ಒಳ್ಳೆ ಮಾತು! ಬೀರು ಮುಂದೆ ನಿಂತು ನಿಂತೇ ಹೆಂಗಸರ ಅರ್ಧ ಆಯುಸ್ಸು ಮುಗಿಯುತ್ತೆ. ಆ ಗುಣ ಎಲ್ಲಿದ್ರೂ ತಗೋಬೇಕು. ನೀನು ಗುಣ ತಗೊಂಡೆ, ಜೊತೆಗೆ ಆ ಚಿತ್ರದೋಳ ದಿನಚರೀನೂ ತಂದು ಚಂದ್ರಕಲಾಗೆ ತೊಡಿಸಿದೆ. ಚಂದ್ರಕಲಾ ದಿನಾ ಎಲ್ಲಿ ಕೂರ್ತಾಳೆ ಅಂತ ಕೇಳಿದ್ಯಾ?"

"ಇಲ್ಲ."

"ಬಸ್ಸಲ್ಲಿ ಕೈ ಮೇಲೆತ್ತಿ ಕಂಬಿ ಹಿಡ್ಕೊಳ್ಳೋಕಾಗುತ್ತಾ ಅಂತ?"

ಅರ್ಧ ಗಂಟೆಯ ಹರಟೆ ಯಾತಕ್ಕೆಂದು ಮಂಗಳನಿಗೆ ಆಗ ಗೊತ್ತಾಯಿತು. ಟೇಪು ನಿಂತವಳನ್ನು ಅಳೆಯುತ್ತದೆ. ಕೂರುವವಳನ್ನು, ಬಗ್ಗುವವಳನ್ನು, ಕೂಸು ಎತ್ತಿಕೊಳ್ಳುವವಳನ್ನು ಪುಟ್ಟತಾಯಮ್ಮ ಮಾತಿನಲ್ಲೇ ಅಳೆಯುತ್ತಿದ್ದರು.

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರೆ," ಎಂದರು ಪುಟ್ಟತಾಯಮ್ಮ. "ಹೇಳೋರು ಹೇಳ್ಲಿ. ದಿನವಿಡೀ ಬಟ್ಟೆ ಒಳಗೆ ಇರೋಳು ಉಟ್ಟೋಳೇ ತಾನೇ?"

"ಈಗ ಏನ್ ಮಾಡೋದಮ್ಮ? ಒಳಗೆ ಒಂದು ಬೆರಳೂ ಬಟ್ಟೆ ಬಿಟ್ಟಿಲ್ಲ."

"ಬೇರೆ ಬಟ್ಟೆ ಸೇರಿಸು. ಬಚ್ಚಿಡೋಕೆ ಹೋಗ್ಬೇಡ, ಕಾಣೋ ಹಾಗೇ ಹಾಕು."

ಐದೂ ಟಾಪಿನ ಎರಡೂ ಪಕ್ಕ ಬಿಚ್ಚಿದರು. ಸೊಂಟದಿಂದ ಕೆಳಕ್ಕೆ ಅಗಲವಾಗುತ್ತಾ ಹೋಗುವ ಪಟ್ಟಿ, ಕಂಕುಳಲ್ಲಿ ಸಣ್ಣದೊಂದು ತುಂಡು. ಬೂದಿಗೆ ಕುಂಕುಮದ ಬಣ್ಣ, ಕೆನೆಬಣ್ಣಕ್ಕೆ ಎಲೆಹಸಿರು. ಪುಟ್ಟತಾಯಮ್ಮ ಹೇಳಿದರು, ಮಂಗಳ ಹೊಲಿದಳು. ಸುಮ್ಮನೆ ನಿಂತರೆ ಪಟ್ಟಿ ಮಡಿಕೆಯೊಳಗೆ ಅಡಗುತ್ತಿತ್ತು, ನಡೆದರೆ ಇಣುಕುತ್ತಿತ್ತು. ಮೊದಲಿಗಿಂತ ಅಂದವೇ ಹೆಚ್ಚಿತು ಎಂದರೆ ನಂಬಿ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಐದೂ ಮುಗಿದವು.

"ಕತ್ತರಿ?" ಎಂದು ಮಂಗಳ ಮೆಲ್ಲಗೆ ಕೇಳಿದಳು.

"ಮೊದಲು ಆ ಮುದುಕಿ ಮನೆಗೆ ಹೋಗಿ ಬಾ," ಎಂದರು ಪುಟ್ಟತಾಯಮ್ಮ.

ಬಟ್ಟೆ ಸರಿಮಾಡುವುದು ಸುಲಭವಿತ್ತು, ಇದು ಕಷ್ಟ. ಆದರೂ ಮಂಗಳ ಹೋದಳು. ಚಂದ್ರಕಲಾರನ್ನೂ ಕರೆದುಕೊಂಡು ಈರಮ್ಮನ ಬಾಗಿಲಿಗೆ ಹೋಗಿ, ಅಕ್ಕಪಕ್ಕದ ಹೆಂಗಸರು ಬಂದು ಸೇರುವವರೆಗೂ ಕಾದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಅಜ್ಜಿ, ಮೇಡಂದು ಗತ್ತಲ್ಲ. ಆ ಬಟ್ಟೆ ಕತ್ತರಿಸಿದೋಳು ನಾನು. ಕೂರೋಕೆ ಬಾರದ ಹಂಗೆ ಕತ್ತರಿಸಿದ್ದೆ. ಅವತ್ತು ಅಲ್ಲೇ ಕೂತಿದ್ದೆ, ಹೇಳೋಕೆ ಧೈರ್ಯ ಬರಲಿಲ್ಲ. ತಪ್ಪಾಯ್ತು."

ಈರಮ್ಮ ಒಂದು ಸಲ ಮಂಗಳನನ್ನು ನೋಡಿದಳು, ಒಂದು ಸಲ ಚಂದ್ರಕಲಾರನ್ನು ನೋಡಿದಳು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

"ಅಯ್ಯೋ ನನ್ ತಾಯಿ! ಬಟ್ಟೆ ಹಿಡ್ಕತು ಅಂತ ಅವತ್ತೇ ಒಂದ್ ಮಾತು ಅಂದಿದ್ರೆ ನನ್ ಸೀರೆನೇ ಕೊಡ್ತಿದ್ನಲ್ಲವ್ವ. ಬಾ, ಕೂತ್ಕ."

ಚಂದ್ರಕಲಾ ಜಗಲಿಯ ಕೆಳಗೆ, ನೆಲದ ಮೇಲೆ, ಚಕ್ಕಂಬಕ್ಕಲು ಹಾಕಿ ಕೂತರು. ಕುಂಕುಮದ ಪಟ್ಟಿ ಎರಡೂ ಕಡೆ ಬಿಚ್ಚಿಕೊಂಡಿತು. ಈರಮ್ಮ ಒಳಗೆ ಹೋಗಿ ಕೂಸನ್ನು ತಂದು ಅವರ ಮಡಿಲಲ್ಲಿ ಹಾಕಿದಳು.

ಚಂದ್ರಕಲಾರ ಮುಖದ ನಗು ಹೋಯಿತು. ಐದು ತಿಂಗಳ ಕೂಸು ಮಡಿಲಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಹಗುರವಾಗಿತ್ತು.

"ಎಷ್ಟು ದಿನದಿಂದ ಹಾಲು ಬಿಟ್ಟಿದೆ ಅಜ್ಜಿ?"

ಈರಮ್ಮ ಪಕ್ಕದಲ್ಲಿ ಕೂತು, ಕಿವಿಯ ಹತ್ತಿರ ಬಗ್ಗಿ, ಎಲ್ಲ ಹೇಳಿದಳು. ಚಂದ್ರಕಲಾ ಕೂಸನ್ನು ಎತ್ತಿಕೊಂಡೇ ಎದ್ದರು. ಅದೇ ಸಂಜೆಯ ಬಸ್ಸಿನಲ್ಲಿ ತಾಯಿ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಕೂಸಿನ ಕಿವಿಯೊಳಗೆ ಕೀವಾಗಿತ್ತು. ಹಾಲು ಚೀಪಿದರೆ ನೋಯುತ್ತಿತ್ತು, ಅದಕ್ಕೇ ಕೂಸು ಬಾಯಿಯಿಟ್ಟೊಡನೆ ಅಳುತ್ತಿತ್ತು. ಒಂದು ವಾರ ಔಷಧಿ ಬಿದ್ದ ಮೇಲೆ ಹಾಲು ಕುಡಿಯತೊಡಗಿತು. ಇನ್ನೂ ಹದಿನೈದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ತಿಂಗಳು ಕಳೆದ ಮೇಲೆ ಈರಮ್ಮ ಸೊಸೆಯನ್ನೂ ಕೂಸನ್ನೂ ಕರೆದುಕೊಂಡು ಅಂಗಡಿಗೆ ಬಂದಳು. ಕೂಸಿನ ಕೆನ್ನೆ ತುಂಬಿಕೊಂಡಿತ್ತು.

"ಮೇಡಮ್ಮೋರ್ದು ಐತಲ್ಲ, ಅದೇ ಫ್ರಾನ್ಸಿಂದು, ನಮ್ ಹುಡ್ಗಿಗೂ ಎರಡು ಹೊಲ್ಕೊಡಿ," ಎಂದಳು ಈರಮ್ಮ.

"ಕೂಸಿಗೆ ಹಾಲು ಕುಡಿಸೋಕೆ ಮುಂದುಗಡೆ ಬಿಚ್ಚೋ ಹಂಗಿರ್ಬೇಕು ಅಕ್ಕ," ಎಂದಳು ಸೊಸೆ ನಾಚಿಕೊಂಡು.

ಪುಟ್ಟತಾಯಮ್ಮನವರಿಗೆ ಈಗ ಎರಡೂ ಕಣ್ಣು ನಿಚ್ಚಳವಾಗಿ ಕಾಣುತ್ತಿತ್ತು. ಅವರು ಎದ್ದು ಕತ್ತರಿಯ ಮೇಜನ್ನು ಬಿಟ್ಟು ಮಿಷನ್ನಿನ ಮುಂದೆ ಹೋಗಿ ಕೂತರು.

"ನೀನು ಕತ್ತರಿಸಿ ಕೊಡು ಮಂಗಳ," ಎಂದರು. "ನಾನು ಹೊಲೀತೀನಿ."

ನೀತಿ: ಒಳ್ಳೆಯ ರೀತಿ ಯಾವ ದೇಶದ್ದಾದರೂ ಧೈರ್ಯವಾಗಿ ತೆಗೆದುಕೊಳ್ಳಿ, ಆದರೆ ಅದನ್ನು ನಿಮ್ಮ ದಿನದ ಅಳತೆಗೆ ಹೊಲಿಸಿಕೊಳ್ಳಿ. ಹೊಲಿಯುವಾಗ ತಪ್ಪಾದರೆ ಬಚ್ಚಿಡಬೇಡಿ. ಬಚ್ಚಿಟ್ಟ ತಪ್ಪಿನ ಬೆಲೆಯನ್ನು ಇನ್ಯಾರೋ ತೆರಬೇಕಾಗುತ್ತದೆ.