ಗಿರಣಿಯ ಫಲಕ ಮತ್ತು ಜೋತುಬಿದ್ದ ವೈರು

ಸಾವಂತ್ರೆವ್ವನ ಹಿಟ್ಟಿನ ಗಿರಣಿ ಸೋಲಾರ್ ಕರೆಂಟಿನಿಂದ ನಡೆಯುತ್ತಿತ್ತು. ಮಾಳಿಗೆಯ ಮೇಲಿನ ಸೋಲಾರ್ ಫಲಕವನ್ನು ಆಕೆ ದಿನಾ ಬೆಳಗ್ಗೆ ಕನ್ನಡಿಯಂತೆ ಒರೆಸುತ್ತಿದ್ದಳು. ಬಗ್ಗಿ ಅದರ ಕೆಳಗೆ ಮಾತ್ರ ಎಂದೂ ನೋಡಿದವಳಲ್ಲ. ಅಲ್ಲಿ ವೈರೊಂದು ಕ್ಲಿಪ್ಪು ಕಳಚಿ ಜೋತುಬಿದ್ದು, ಗಾಳಿ ಬೀಸಿದಾಗಲೆಲ್ಲ ಚೌಕಟ್ಟಿನ ಅಂಚಿಗೆ ಉಜ್ಜಿಕೊಳ್ಳುತ್ತಿತ್ತು.

ನೆರಳಿಗೆಂದು ಬಂದ ಅಳಿಲು ಅದನ್ನು ಕಂಡು ಗಾಬರಿಯಾಯಿತು. "ಫಲಕರಾಯರೇ! ವೈರಿನ ಮೇಲಿನ ಪ್ಲಾಸ್ಟಿಕ್ಕು ಸವೆದು ತಾಮ್ರ ಕಾಣುತ್ತಿದೆ. ಅವ್ವನಿಗೆ ಹೇಳಿ, ನಿಮ್ಮ ಮಾತಾದರೆ ಕೇಳುತ್ತಾಳೆ!"

"ಇವತ್ತಿನ ಬಿಸಿಲು ನೋಡಿದೆಯಾ!" ಎಂದಿತು ಫಲಕ. "ಹಬ್ಬಕ್ಕೆಂದು ಊರಿನ ಜೋಳವೆಲ್ಲ ಬಂದಿದೆ. ಅಷ್ಟನ್ನೂ ನಾನೇ ಬೀಸುತ್ತೇನೆ! ಇಂಥ ಹೊತ್ತಿನಲ್ಲಿ ಕೆಳಗಿನವರ ಗೋಳು ಎತ್ತಬೇಡ."

"ಸ್ವಾಮಿ, ನಿಮ್ಮ ಬಿಸಿಲು ಗಿರಣಿಗೆ ಇಳಿಯುವುದು ನನ್ನ ಮೈಯೊಳಗಿಂದಲೇ," ಎಂದಿತು ವೈರು.

ಅಷ್ಟರಲ್ಲಿ ಗಾಳಿ ರಭಸದಿಂದ ಬೀಸಿತು. ಚಟ್ಟೆಂದು ಕಿಡಿ ಹಾರಿ ವೈರು ತುಂಡಾಯಿತು. ಗಿರಣಿ ನಿಂತಿತು, ಸಾಲಿನಲ್ಲಿದ್ದ ಹೆಂಗಸರು ಗದ್ದಲವೆಬ್ಬಿಸಿದರು. ಸಾವಂತ್ರೆವ್ವ ಏದುಸಿರು ಬಿಡುತ್ತ ಮೇಲೆ ಓಡಿಬಂದಳು.

"ಇಷ್ಟ್ ಬಿಸಲೈತಿ, ಗಿರಣಿ ಯಾಕ ನಿಂತಿತು? ಧೂಳ ಕುಂತಿರಬೇಕ!" ಎಂದು ಸೆರಗಿನಿಂದ ಫಲಕವನ್ನು ಗಸಗಸ ಒರೆಸತೊಡಗಿದಳು.

"ಅವ್ವಾ, ನನ್ನನ್ನು ಬಿಡು! ಕೆಳಗೆ ನೋಡು, ವೈರು ನೋಡು!" ಎಂದು ಫಲಕ ಅರಚಿತು.

"ಅಳಬ್ಯಾಡೊ ತಮ್ಮಾ, ಒರಸಾಕತ್ತೀನಲ್ಲ!" ಎಂದು ಸಾವಂತ್ರೆವ್ವ ಫಲಕ ತೊಳೆಯಲು ಒಂದು ಕೊಡ ನೀರು ತರಲು ಇಳಿದಳು.