ವಿಭೂತಿ ಮೀನು

ಹೊಳೆದಂಡೆಯ ಮಠದಲ್ಲಿ ಒಬ್ಬ ಅಜ್ಜಾರಿದ್ದರು. ಅವರು ಮಾತಿಗೆ ಕೂತರೆ ಮೊಸಳೆಯೂ ಬಾಯಿ ಮುಚ್ಚಿಕೊಂಡು ಕೇಳುತ್ತಿತ್ತು. ನಾನೇ ಕಣ್ಣಾರೆ ಕಂಡೀನಿ.

ಅವರ ಶಿಷ್ಯ ಮುರಿಗೆಪ್ಪನಿಗೆ ಮೀನಿನ ಹುಚ್ಚು. ಮನೆಯ ಹಿಂದಿನ ಕೋಣೆಯಲ್ಲಿ ಗಾಜಿನ ತೊಟ್ಟಿ ಇಟ್ಟಿದ್ದ. ಕೆಂಪು ಗಿಳಿಮೀನಿಗೂ ಪಟ್ಟೆಮೀನಿಗೂ ಜೋಡಿ ಕಟ್ಟಿ, ಮೈಮೇಲೆ ಮೂರು ಬಿಳಿ ಪಟ್ಟೆ ಇರುವ ಹೊಸ ತಳಿ ಎಬ್ಬಿಸಲು ಹೊರಟಿದ್ದ.

"ವಿಭೂತಿ ಹಚ್ಚಿದಂಗ ಕಾಣಬೇಕ್ರಿ ಅಜ್ಜಾರ. ಮಠಕ್ಕ ಒಪ್ಪಿಸ್ತೀನಿ."

"ಹಚ್ಚು ಅಂತ ಮೀನು ಕೇಳೇತೇನು?"

ಮುರಿಗೆಪ್ಪ ನಕ್ಕು ಮನೆಗೆ ನಡೆದ.

ಕೆಲಸ ಸುಲಭದ್ದಲ್ಲ. ಗಂಡುಮೀನು ಹೆಣ್ಣನ್ನು ಕಚ್ಚಿ ಅಟ್ಟಾಡಿಸಿತು. ನಡುವೆ ಜಾಳಿಗೆ ಕಟ್ಟಿದ. ಆ ಗಂಡುಮೀನಿನ ಸಿಟ್ಟು ಎಂಥದ್ದೆಂದರೆ, ಕಿಟಕಿಯಲ್ಲಿ ಇಣುಕಿದ ಊರ ಗೂಳಿಯೇ ಹಿಂದೆ ಸರಿದಿತ್ತು.

ಸಿಟ್ಟು ಇಳಿದು ಮೊಟ್ಟೆ ಬಂದವು. ಬೂಸರು ಹಿಡಿದು ಬೆಳ್ಳಗಾಗಿ ಹೋದವು. ಮುಂದಿನ ಸಲ ಮರಿಯಾದವು. ಕರೆಂಟು ಹೋಗಿ, ಗಾಳಿ ಊದುವ ಮೋಟರು ನಿಂತು, ಸತ್ತವು.

ಕಡೆಗೊಮ್ಮೆ ಮರಿಗಳು ಉಳಿದು ಬೆಳೆದವು.

ಒಂದು ಬೆಳಗ್ಗೆ ಮುರಿಗೆಪ್ಪ ಬಕೀಟು ಹೊತ್ತು ಹೊಳೆಗೆ ಬಂದ. ಅಜ್ಜಾರು ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ, ಮೆಟ್ಟಿಲ ಮೇಲೆ ಕೂತಿದ್ದರು.

"ಏನಪಾ ಅದು?"

"ಕೆಟ್ಟ ಮಾಲ್ರಿ. ಒಂದಕ್ಕೂ ಪಟ್ಟೆ ಮೂಡಿಲ್ಲ. ಕೆಲವಕ್ಕ ಬೆನ್ನು ಡೊಂಕು, ಕೆಲವಕ್ಕ ಬಾಯೇ ಮುಚ್ಚಂಗಿಲ್ಲ. ಹೊಳಿಗೆ ಒಗದು ಹೊಸಾ ಜೋಡಿ ಕಟ್ತೀನಿ."

"ಹೊಳ್ಯಾಗ ಬದುಕ್ತಾವೇನು?"

"ಬಾಯಿ ಮುಚ್ಚದವು ಹ್ಯಾಂಗ ಬದುಕ್ಯಾವ್ರಿ? ಗಟ್ಟಿ ಇದ್ದವು ಹೊಳಿ ಮೀನಿನ ಮರಿ ತಿಂದು ಬದುಕ್ತಾವ."

"ನಿನ್ನ ಮನ್ಯಾಗ?"

"ಮೇವು ಸಣ್ಣಗ ಪುಡಿ ಮಾಡಿ ಹಾಕಿದ್ರ ಎಲ್ಲಾವೂ ತಿಂತಾವ. ಆದ್ರ ಇರೋದು ಒಂದ ತೊಟ್ಟಿ. ಇವನ್ನ ಇಟ್ಕೊಂಡ್ರ ಹೊಸಾವಕ್ಕ ಜಾಗಾ ಎಲ್ಲಿ? ವಿಭೂತಿ ಮೀನು ತರ್ತೀನಿ ಅಂತ ಊರೆಲ್ಲಾ ಹೇಳೀನ್ರಿ. ಪಟ್ಟೆ ಇಲ್ಲದ್ದು ತಂದ್ರ ಮಂದಿ ನಗತಾರ."

"ಮಂದಿ ನಗೋದಕ್ಕ ಮೀನು ಸಾಯಬೇಕು."

"ಪಟ್ಟೆ ಇಲ್ಲದ ಮೇಲೆ ಅವಕ್ಕೇನು ಬೆಲೆ ಐತ್ರಿ ಅಜ್ಜಾರ?"

ಅಂದವನೇ ಬಕೀಟು ಬಗ್ಗಿಸಿದ. ನೀರು ಅಂಚಿಗೆ ಬಂತು. ಮರಿಗಳು ಒಂದರ ಮೇಲೊಂದು ಬಿದ್ದವು.

"ತಡಿ," ಅಂದರು ಅಜ್ಜಾರು.

ಉಟ್ಟ ಕಾವಿಯಲ್ಲೇ ಹೊಳೆಗಿಳಿದು ಮುಳುಗು ಹಾಕಿದರು. ಆ ಒಂದು ಮುಳುಗಿನಲ್ಲಿ ಆಚೆ ದಂಡೆಯವರು ಅನ್ನ ಬೇಯಿಸಿ ಉಂಡು ಕೈತೊಳೆದಿದ್ದರು. ಬೇಕಾದರೆ ಹೋಗಿ ಕೇಳ್ರಿ.

ಎದ್ದು ಬಂದಾಗ ಹಣೆ ಬರಿದಾಗಿತ್ತು.

ಅಜ್ಜಾರು ಬಕೀಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು ತಲೆ ಬಗ್ಗಿಸಿದರು.

"ನೋಡು ತಮ್ಮಾ, ನನಗೂ ಪಟ್ಟೆ ಇಲ್ಲ. ಮೊದಲು ನನ್ನ ಒಗಿ, ಆಮ್ಯಾಲೆ ಅವನ್ನ."