ಕಂಬಾರ ಮಾನಪ್ಪನ ಕಮಾನುಪಟ್ಟಿ

ಯಾವ ಕಾಲದ್ದು ಅಂತ ಮಾತ್ರ ಕೇಳಬೇಡಿ. ಕಾರು ಬಂದಿತ್ತು, ರಸ್ತೆ ಇನ್ನೂ ಬಂದಿರಲಿಲ್ಲ. ನಡುವೆ ಅಂಥದ್ದೊಂದು ಕಾಲ ಇತ್ತು. ಆ ಕಾಲದಲ್ಲಿ ಪರಸಿಹಾಳ ಅಂತ ಒಂದು ಊರು, ಆ ಊರಲ್ಲಿ ಮಾನಪ್ಪ ಅಂತ ಒಬ್ಬ ಕಂಬಾರ. ಸರಿಯಾಗಿ ಕೂತುಕೊಳ್ಳಿ, ನಡುವೆ ಬಾಯಿ ಹಾಕಬೇಡಿ.

ಪರಸಿಹಾಳದ ನೆಲ ಅಂದರೆ ಬರೀ ಹಾಸುಗಲ್ಲು. ಗುದ್ದಲಿ ಹಾಕಿದರೆ ಮಣ್ಣು ಏಳುತ್ತಿರಲಿಲ್ಲ, ಕಿಡಿ ಏಳುತ್ತಿತ್ತಂತೆ. ಊರವರೆಲ್ಲ ಕಲ್ಲಿನ ಗಣಿಯಲ್ಲಿ ದುಡಿಯುವವರು. ಪೇಟೆಗೆ ಹೋಗುವ ದಾರಿಯೂ ಆ ಕಲ್ಲಿನ ಮೇಲೇ. ಒಂದು ಹಾಸು ಮುಗಿದು ಇನ್ನೊಂದು ಶುರುವಾಗುವಲ್ಲಿ ಒಂದು ಗೇಣು ಕೆಳಕ್ಕೆ, ಮುಂದಿನದಕ್ಕೆ ಒಂದು ಗೇಣು ಮೇಲಕ್ಕೆ, ಪೇಟೆ ಮುಟ್ಟುವ ತನಕ ಹೀಗೇ. ಬುತ್ತಿಗೆ ಮೊಸರು ಕಟ್ಟಿಕೊಂಡು ಹೊರಟವರು ಪೇಟೆಯಲ್ಲಿ ಬಿಚ್ಚಿದರೆ ಬೆಣ್ಣೆ ತೇಲುತ್ತಿತ್ತಂತೆ. ಇದು ಸ್ವಲ್ಪ ಹೆಚ್ಚಾಯಿತು, ನನಗೂ ಗೊತ್ತು. ಆದರೆ ಹೇಳುವವರು ಹಾಗೆಯೇ ಹೇಳುತ್ತಾರೆ.

ಊರಿಗೆಲ್ಲ ಇದ್ದದ್ದು ಒಂದೇ ಕಾರು, ಲಾಲಸಾಬನದು. ಹಳೆಯ ಕಾರು, ಉದ್ದನೆಯ ಕಾರು. ಒಳಗೆ ಜನ, ತಲೆಯ ಮೇಲೆ ಜನ, ಪಕ್ಕದ ಪಾವಟಿಗೆಯ ಮೇಲೆ ಜನ, ಬಾನೆಟ್ಟಿನ ಮೇಲೆ ಕೂಡ ಕಾಲು ಇಳಿಬಿಟ್ಟುಕೊಂಡು ಜನ. ಭರ್ತಿಯಾಗದೆ ಲಾಲಸಾಬ ಹೊರಡುತ್ತಲೇ ಇರಲಿಲ್ಲ. ಖಾಲಿ ಕಾರು ಓಡಿಸುವುದು ಅಂದರೆ ಅವನಿಗೆ ಅವಮಾನ. ಅಂಗಡಿ ಗುರಪ್ಪಶೆಟ್ಟಿ ಒಬ್ಬನನ್ನು ಮಾತ್ರ ಅವನು ಹತ್ತಿಸಿಕೊಳ್ಳುತ್ತಿರಲಿಲ್ಲ. ಶೆಟ್ಟಿಯ ಮೈ ಅಂಥದ್ದು. ಅವನೊಬ್ಬ ಕೂತರೆ ಮೂವರು ಇಳಿಯಬೇಕಿತ್ತು.

ಕಾರಿನ ಮೈಗೂ ಚಕ್ರದ ಅಚ್ಚಿಗೂ ನಡುವೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು ಕೂತಿರುತ್ತವಲ್ಲ, ಅದಕ್ಕೆ ಕಮಾನುಪಟ್ಟಿ ಅಂತಾರೆ. ದಾರಿಯ ಏಟನ್ನು ತಾವು ತಿಂದು ನಮ್ಮ ಬೆನ್ನು ಉಳಿಸುವುದು ಅವೇ. ಲಾಲಸಾಬನ ಕಾರಿನ ಪಟ್ಟಿಗಳು ಯಾವತ್ತೋ ಮುರಿದಿದ್ದವು. ಅವನು ಅದಕ್ಕೆ ಹಗ್ಗ ಸುತ್ತಿ, ದೇವರ ಮೇಲೆ ಭಾರ ಹಾಕಿ ಓಡಿಸುತ್ತಿದ್ದ.

ಈಗ ಮಾನಪ್ಪನ ವಿಷಯಕ್ಕೆ ಬರೋಣ. ಗಣಿಯವರ ಉಳಿ, ಹಾರೆ, ಸುತ್ತಿಗೆ ಬಡಿದುಕೊಡುವುದು ಅವನ ಕೆಲಸ. ಹೆಂಡತಿ ತೀರಿಕೊಂಡಿದ್ದಳು. ಇದ್ದವಳು ಒಬ್ಬಳೇ ಮಗಳು, ಕಾಳವ್ವ. ಪಕ್ಕದ ಊರಿಗೆ ಕೊಟ್ಟಿದ್ದ. ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಬಂದಾಗ ಕೂಸು ಹೊಟ್ಟೆಯಲ್ಲಿ ಅಡ್ಡ ತಿರುಗಿತ್ತು. ಸೂಲಗಿತ್ತಿ ನೀಲವ್ವ ಮುಟ್ಟಿ ನೋಡಿ, ಇದು ನನ್ನ ಕೈಮೀರಿದ್ದು, ಪೇಟೆಯ ದವಾಖಾನೆಗೆ ಒಯ್ಯಿರಿ ಅಂದಳು. ಸಂತೆಗೆ ಹೊರಟ ಮಂದಿಯ ನಡುವೆಯೇ ಕಾಳವ್ವನನ್ನು ಕೂರಿಸಿಕೊಂಡು, ಆ ಹಗ್ಗ ಸುತ್ತಿದ ಮುರುಕು ಪಟ್ಟಿಯ ಕಾರಿನಲ್ಲಿ ಹೊರಟರು. ಕಲ್ಲಿನಿಂದ ಕಲ್ಲಿಗೆ ಕಾರು ಕುಕ್ಕಿತು, ಕುಕ್ಕಿತು, ಕುಕ್ಕಿತು. ಅರ್ಧ ದಾರಿಯಲ್ಲೇ ಎಲ್ಲ ಮುಗಿದುಹೋಯಿತು. ಕಾಳವ್ವ ಉಳಿದಳು, ಕೂಸು ಉಳಿಯಲಿಲ್ಲ.

ಮಾನಪ್ಪ ಅಳಲಿಲ್ಲವಂತೆ. ಅತ್ತಿದ್ದರೆ ಚೆನ್ನಾಗಿತ್ತು ಅಂತ ನೀಲವ್ವ ಕೊನೆತನಕ ಹೇಳುತ್ತಿದ್ದಳಂತೆ.

ಕಾಳವ್ವ ಮತ್ತೆ ಬಸುರಿಯಾದಳು. ಸುದ್ದಿ ತಂದವನಿಗೆ ಮಾನಪ್ಪ ಸಕ್ಕರೆಯನ್ನೂ ಕೊಡಲಿಲ್ಲ, ನೀರನ್ನೂ ಕೊಡಲಿಲ್ಲ. ಸೀದಾ ಲಾಲಸಾಬನ ಮನೆಗೆ ನಡೆದು, ಸಂತೆಯ ದಿನ ಬಿಟ್ಟು ಉಳಿದ ದಿನ ಕಾರು ನನ್ನ ಕುಲುಮೆಯ ಮುಂದೆ ನಿಲ್ಲಬೇಕು ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಾನಪ್ಪನ ನೆಲ ನಿಜವಾಗಿಯೂ ಡೊಂಕಾಗಿತ್ತು, ಆದರೂ ಅವನು ನೆಲವನ್ನು ಬೈಯಲಿಲ್ಲ. ಅವನು ಅಂದದ್ದು ಇಷ್ಟೇ ಅಂತೆ: "ಕಲ್ಲು ಬಗ್ಗಂಗಿಲ್ಲ ಲಾಲಸಾಬ. ಬಗ್ಗೂದು ಉಕ್ಕು. ಉಕ್ಕು ನನ್ನ ಕೈಯಾಗ ಐತಿ."

ಕಾರಿನ ಪಟ್ಟಿ ಹೇಗಿರಬೇಕು ಅಂತ ಅವನಿಗೆ ಯಾರು ಹೇಳಿಕೊಡಬೇಕು? ಪೇಟೆಯ ಗುಜರಿಯಿಂದ ಸತ್ತ ಲಾರಿಗಳ ಉಕ್ಕು ಹೊತ್ತು ತಂದ. ಮೊದಲು ದಪ್ಪನೆಯ ಪಟ್ಟಿ ಬಡಿದ, ಹಾರೆಯ ಹಾಗೆ. ಅದು ಮುರಿಯಲಿಲ್ಲ, ಬಗ್ಗಲೂ ಇಲ್ಲ. ಅವತ್ತು ಸಂತೆಗೆ ಹೋದವರೆಲ್ಲ ತಲೆಯ ಮೇಲೊಂದು ಬುಗುಟು ಹೊತ್ತುಕೊಂಡು ಬಂದರು. ಆಮೇಲೆ ತೆಳ್ಳಗೆ ಬಡಿದ. ಕಾರು ತೊಟ್ಟಿಲಿನ ಹಾಗೆ ತೂಗಿತು. ಏನು ಸುಖ ಅಂತ ಅನ್ನುವಷ್ಟರಲ್ಲಿ ಒಬ್ಬೊಬ್ಬರೇ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿಕೊಂಡರು, ಕಾರಿನ ಹೊಟ್ಟೆ ಕಲ್ಲಿಗೆ ಉಜ್ಜಿ ಹರಿಯಿತು. ಮತ್ತೆ ಬಡಿದ. ಕಾಯಿಸಿ ನೀರಿಗೆ ಅದ್ದಿದ, ಪಟ್ಟಿ ಹಪ್ಪಳದ ಹಾಗೆ ಮುರಿಯಿತು. ಔಡಲ ಎಣ್ಣೆಗೆ ಅದ್ದಿದ, ಆಗ ಉಕ್ಕು ಮಾತು ಕೇಳತೊಡಗಿತು ಅಂತಾರೆ. ಬರೀ ಎಣ್ಣೆಯಲ್ಲ, ಅದರಲ್ಲಿ ತಾಯಿಯ ಹಾಲು ಹಾಕಿದ್ದ ಅಂತ ಕೆಲವರು ಹೇಳುತ್ತಾರೆ. ಹಾಗೆ ಹೇಳುವವರು ಕುಲುಮೆಯನ್ನೇ ಕಂಡವರಲ್ಲ, ಬಿಡಿ.

ಪಟ್ಟಿ ಸರಿಯಾಯಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಅದಕ್ಕೆ ಮಾನಪ್ಪ ಒಂದು ದಾರಿ ಕಂಡುಕೊಂಡ. ಹಿಂದಿನ ಸೀಟಿನಲ್ಲಿ, ಕಾಳವ್ವ ಕೂರಬೇಕಾದ ಜಾಗದಲ್ಲೇ ನೀಲವ್ವನನ್ನು ಕೂರಿಸಿ, ಅವಳ ಮಡಿಲಲ್ಲಿ ತುಂಬಿದ ಕೊಡ ಇಟ್ಟ. ನೀರು ಎಷ್ಟು ಚೆಲ್ಲುತ್ತದೋ ಕೆಲಸ ಅಷ್ಟು ಬಾಕಿ. ಪಾಪ, ನೀಲವ್ವ ಪ್ರತಿ ಸಂತೆಗೂ ತೊಯ್ದು ತೊಪ್ಪೆಯಾಗಿ ಇಳಿಯುತ್ತಿದ್ದಳಂತೆ. ಊರಲ್ಲಿ ಬಾವಿ ಬತ್ತಿದರೂ ನೀಲವ್ವನ ಸೀರೆ ಬತ್ತಲಿಲ್ಲ ಅಂತ ಜನ ಆಡಿಕೊಂಡರು. ಅವಳು ಬೈದಳು, ಬೈಯುತ್ತಲೇ ಮುಂದಿನ ಸಂತೆಗೂ ಕೊಡ ಹಿಡಿದು ಬಂದಳು. ಮಾನಪ್ಪ ಒಂದು ಪಟ್ಟಿ ತೆಗೆಯುತ್ತಿದ್ದ, ಒಂದು ಪಟ್ಟಿ ಸೇರಿಸುತ್ತಿದ್ದ. ತುದಿಗಳನ್ನು ಅರದಿಂದ ಉಜ್ಜುತ್ತಿದ್ದ, ನಡುವೆ ಎಣ್ಣೆ ಸವರುತ್ತಿದ್ದ. ಕಾರು ಹೊರಟರೆ ಪಾವಟಿಗೆಯ ಮೇಲೆ ಬಗ್ಗಿ ನಿಂತು ಪಟ್ಟಿ ಏನು ಮಾಡುತ್ತಿದೆ ಅಂತ ನೋಡುತ್ತ ಹೋಗುತ್ತಿದ್ದ.

ಒಂದು ಸಂತೆಯ ದಿನ ಕಾರು ಪೇಟೆಯಲ್ಲಿ ನಿಂತಿತು. ನೀಲವ್ವ ಇಳಿದಳು. ಸೀರೆಯ ಮೇಲೆ ಒಂದು ಹನಿ ಇರಲಿಲ್ಲ. ಕೊಡ ಹೇಗೆ ತುಂಬಿತ್ತೋ ಹಾಗೇ ಇತ್ತು. ಅವಳು ಆ ನೀರನ್ನು ಮಾನಪ್ಪನ ತಲೆಯ ಮೇಲೆ ಸುರಿದಳಂತೆ. ಜನ ಅದನ್ನು ನೋಡಿ ಎಷ್ಟು ನಕ್ಕರು ಅಂದರೆ, ಅವತ್ತು ಸಂತೆಯಲ್ಲಿ ಏನು ಕೊಂಡೆವು ಅಂತ ಯಾರಿಗೂ ನೆನಪಿರಲಿಲ್ಲ.

ಈ ಸಲವೂ ತವರಿಗೆ ಬಂದಿದ್ದ ಕಾಳವ್ವನನ್ನು ದಿನ ತುಂಬುವ ಮೊದಲೇ ಪೇಟೆಗೆ ಒಯ್ದು ಇರಿಸೋಣ ಅಂದುಕೊಂಡಿದ್ದರು. ನೋವು ಅದಕ್ಕೂ ಮುಂಚೆಯೇ ಬಂತು, ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ. ನೀಲವ್ವ ನೋಡಿದಳು. ಈ ಕೂಸೂ ಅಡ್ಡ.

ಮಾನಪ್ಪ ಹೆದರಲಿಲ್ಲ. ಪಟ್ಟಿ ಸಿದ್ಧವಾಗಿತ್ತಲ್ಲ. ಲಾಲಸಾಬ ಕಾರನ್ನು ಬಾಗಿಲಿಗೇ ತಂದ. ಈ ಸಲ ಯಾರನ್ನೂ ಹತ್ತಿಸುವುದಿಲ್ಲ, ಮಗಳು ಆರಾಮಾಗಿ ಕಾಲು ಚಾಚಿ ಮಲಗಲಿ ಅಂದ. ಊರವರೂ ಹೌದು ಹೌದು ಅಂದರು. ಸೀಟಿನ ಮೇಲೆ ಕೌದಿಯ ಮೇಲೆ ಕೌದಿ ಹಾಸಿದರು. ಕಾಳವ್ವನನ್ನು ಮಲಗಿಸಿ, ತಲೆಯ ಹತ್ತಿರ ನೀಲವ್ವ ಕೂತು, ಮಾನಪ್ಪ ಮುಂದೆ ಕೂತು ಹೊರಟರು. ಎಲ್ಲರಿಗೂ ಅವಳ ಮೇಲೆ ಅಷ್ಟು ಪ್ರೀತಿ ಇತ್ತು, ನೋಡಿ. ಆ ಪ್ರೀತಿಯಿಂದಲೇ ತಪ್ಪಾಯಿತು.

ಊರ ಹೊರಗೆ ಮೊದಲ ಕಲ್ಲು. ಕಾರು ಕತ್ತೆಯ ಹಾಗೆ ಒದೆಯಿತು. ಎರಡನೆಯ ಕಲ್ಲಿಗೆ ಕಾಳವ್ವ ಸೀಟಿನಿಂದ ಮೇಲೆದ್ದು ಬಿದ್ದಳು. ಅವಳು ಕಿರುಚಿದ್ದು ಗಣಿಯವರೆಗೂ ಕೇಳಿಸಿತಂತೆ. ಲಾಲಸಾಬ ಕಾರು ನಿಲ್ಲಿಸಿದ. ಮಾನಪ್ಪ ಇಳಿದು ಪಟ್ಟಿಯ ಮುಂದೆ ಕೂತ. ಒಂದೂ ಮುರಿದಿರಲಿಲ್ಲ. ಯಾವುದೂ ಸರಿದಿರಲಿಲ್ಲ. ಮತ್ತೆ ಯಾಕೆ ಹೀಗೆ? ಎರಡನೆಯ ಕೂಸನ್ನು ನನ್ನ ಕೈಯಾರೆ ಕೊಲ್ಲುತ್ತಿದ್ದೇನೆ ಅಂತ ಅವನ ಎದೆ ಒಡೆದುಹೋಯಿತು. ಅಷ್ಟು ದಿನ ಅಳದ ಮನುಷ್ಯ ಆ ಕಲ್ಲಿನ ಮೇಲೆ ಕೂತು ಗೊಳೋ ಅಂತ ಅತ್ತ.

ನೀಲವ್ವ ಕಿಟಕಿಯಿಂದ ಕೂಗಿದಳು: "ಏ ಮಾನಪ್ಪಾ, ನಾ ಕೊಡ ಹಿಡಕೊಂಡು ಕುಂತಾಗ ಹಿಂಗ ಇರಲಿಲ್ಲೋ! ಆವಾಗ ನನಗ ಉಸರ ಬಿಡಾಕ ಜಾಗ ಇರಲಿಲ್ಲ, ಅಷ್ಟ ಮಂದಿ ಮೈಮ್ಯಾಲೆ ಇದ್ರು."

ಮಾನಪ್ಪ ಕಣ್ಣು ಒರೆಸಿಕೊಂಡು ಮತ್ತೆ ಪಟ್ಟಿ ನೋಡಿದ. ಸಂತೆಯ ದಿನ ಅರ್ಧಕ್ಕೆ ಬಾಗಿ ಮೆತ್ತಗೆ ತೂಗುತ್ತಿದ್ದ ಪಟ್ಟಿಗಳು ಈಗ ಬೆನ್ನು ಸೆಟೆಸಿಕೊಂಡು ನಿಂತಿದ್ದವು. ತಾನು ಅವನ್ನು ಬಡಿದದ್ದು ಊರಿಗೆ ಊರೇ ಹತ್ತಿದ ಕಾರಿಗೆ ಅಂತ ಆಗ ಹೊಳೆಯಿತು. ಖಾಲಿ ಕಾರಿನಲ್ಲಿ ಅವನು ಒಮ್ಮೆಯೂ ಪರೀಕ್ಷೆ ಮಾಡಿರಲಿಲ್ಲ. ಯಾಕೆ ಮಾಡುತ್ತಾನೆ? ಆ ಕಾರು ಖಾಲಿ ಓಡಿದ್ದನ್ನು ಪರಸಿಹಾಳದಲ್ಲಿ ಹುಟ್ಟಿದವರು ಯಾರೂ ಕಂಡಿರಲಿಲ್ಲ. ಈಗ ಪಟ್ಟಿ ಬಿಚ್ಚಿ ತೆಳ್ಳಗೆ ಮಾಡುತ್ತೇನೆ ಅಂದರೆ ಅರ್ಧ ದಿನ ಬೇಕು. ಕಾಳವ್ವನ ಹತ್ತಿರ ಅರ್ಧ ದಿನ ಇರಲಿಲ್ಲ.

ಲಾಲಸಾಬ ಆಗಲೇ ದಾರಿ ಬದಿಯ ಕಲ್ಲುಚಪ್ಪಡಿ ಎತ್ತಿ ಕಾರಿಗೆ ಹಾಕತೊಡಗಿದ್ದ. ಮಾನಪ್ಪ ಅವನ ಕೈ ಹಿಡಿದ. ಒಂದು ಕುಕ್ಕಿಗೆ ಕಲ್ಲು ಹಾರಿ ಮಗಳ ಮೇಲೆ ಬಿದ್ದರೆ? ಕಲ್ಲಿಗೆ ಗಟ್ಟಿಯಾಗಿ ಹಿಡಿದುಕೊಂಡು ಕೂರುವುದು ಗೊತ್ತಿಲ್ಲ. ಅದು ಮನುಷ್ಯನಿಗೆ ಮಾತ್ರ ಗೊತ್ತು.

ಮಾನಪ್ಪ ಗಣಿಯ ಅಂಚಿಗೆ ಓಡಿದ. ಎರಡೂ ಕೈ ಎತ್ತಿ ಕೂಗಿದ: "ತೂಕಾ ಬೇಕ್ರೋ ಯಪ್ಪಾ! ತೂಕಕ್ಕ ಬರ್ರಿ!"

ಏನು ತೂಕ, ಯಾಕೆ ತೂಕ ಅಂತ ಒಬ್ಬರೂ ಕೇಳಲಿಲ್ಲವಂತೆ. ಕೈಯಲ್ಲಿದ್ದ ಉಳಿ ಅಲ್ಲೇ ಬಿಟ್ಟು ಬಂದರು, ಬಿಡುವುದು ಮರೆತವರು ಹಿಡಿದುಕೊಂಡೇ ಬಂದರು. ಗಂಡಸರು ಬಂದರು, ಹೆಂಗಸರು ಬಂದರು, ತಲೆಯಿಂದ ಕಾಲಿನವರೆಗೂ ಕಲ್ಲುಪುಡಿ. ಲಾಲಸಾಬ ಊರೊಳಗೆ ಓಡಿ ಗುರಪ್ಪಶೆಟ್ಟಿಯ ಕೈ ಹಿಡಿದು, ಮದುವಣಿಗನನ್ನು ತರುವ ಹಾಗೆ ಕರೆತಂದು ಡಿಕ್ಕಿಯಲ್ಲಿ ಕೂರಿಸಿದ. ಒಳಗೆ ಯಾರೂ ಹೋಗಲಿಲ್ಲ, ಅದು ಕಾಳವ್ವನ ಜಾಗ. ತಲೆಯ ಮೇಲೆ ಹತ್ತಿದರು, ಪಾವಟಿಗೆಯ ಮೇಲೆ ನಿಂತರು, ಬಾನೆಟ್ಟಿನ ಮೇಲೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂತರು. ಮಾನಪ್ಪ ನೆಲಕ್ಕೆ ಕೆನ್ನೆ ಹಚ್ಚಿ ಪಟ್ಟಿ ನೋಡುತ್ತ, ನೀನು ಈ ಕಡೆ ಬಾ, ನೀನು ಆ ಕಡೆ ಸರಿ, ಇನ್ನೊಬ್ಬ ಹತ್ತು ಅಂತ ಹೇಳುತ್ತಿದ್ದ. ಪಟ್ಟಿಗಳು ಮೆಲ್ಲಗೆ ಬಾಗಿದವು. ಸಾಕು ಅಂದ.

ಕಾರು ಹೊರಟಿತು. ಕಲ್ಲು ಬಂತು. ಕಾರು ಬಗ್ಗಿತು, ಎದ್ದಿತು, ಮುಂದೆ ಹೋಯಿತು. ಇನ್ನೊಂದು ಕಲ್ಲು ಬಂತು. ಬಗ್ಗಿತು, ಎದ್ದಿತು, ಮುಂದೆ ಹೋಯಿತು. ಪ್ರತಿ ಕಲ್ಲಿಗೂ ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಿದ್ದರಂತೆ, ಅದರಿಂದ ಏನೋ ಆಗುತ್ತದೆ ಅನ್ನುವ ಹಾಗೆ. ದಾರಿಯಲ್ಲಿ ಕಾಳವ್ವ ನಿದ್ದೆ ಮಾಡಿದಳು ಅಂತ ಕೆಲವರು ಹೇಳುತ್ತಾರೆ. ಆ ನೋವಿನಲ್ಲಿ ಯಾರು ನಿದ್ದೆ ಮಾಡುತ್ತಾರೆ? ಆದರೆ ಅವಳು ಮತ್ತೆ ಕಿರುಚಲಿಲ್ಲ, ಅದು ನಿಜ.

ದವಾಖಾನೆಯ ಅಂಗಳದಲ್ಲಿ ಕಾಳವ್ವನನ್ನು ಎತ್ತಿಕೊಂಡು ಒಳಗೆ ಹೋದರು. ಹಿಂದೆಯೇ ಮಾನಪ್ಪ, ನೀಲವ್ವ ಹೋದರು. ಉಳಿದವರಿಗೆ ಇಳಿಯಿರಿ ಅಂತ ಯಾರೂ ಹೇಳಲಿಲ್ಲ, ಅವರೂ ಇಳಿಯಲಿಲ್ಲ. ಇಳಿದರೆ ಒಳಗೆ ಏನಾದರೂ ಎಡವಟ್ಟಾದೀತು ಅನ್ನುವ ಭಯ. ಬಿಸಿಲು ನೆತ್ತಿಗೆ ಬಂದರೂ ಬೆಳ್ಳಗೆ ಪುಡಿ ಮೆತ್ತಿಕೊಂಡ ಜನ ನಿಂತ ಕಾರಿನ ಮೇಲೆ ಹಾಗೇ ಕೂತಿದ್ದರು. ದವಾಖಾನೆಯ ನರ್ಸಮ್ಮ ಬಂದು, ಇದೇನು, ಇವರಲ್ಲಿ ಸಂಬಂಧಿಕರು ಯಾರು ಅಂತ ಕೇಳಿದಳು. ಡಿಕ್ಕಿಯೊಳಗಿಂದ ಗುರಪ್ಪಶೆಟ್ಟಿ ಹೇಳಿದನಂತೆ:

"ನಾವ್ಯಾರೂ ಸಂಬಂಧಿಕರಲ್ರಿ ಯವ್ವಾ. ನಾವು ತೂಕಕ್ಕ ಬಂದೀವಿ."

ಅಷ್ಟರಲ್ಲಿ ಒಳಗೆ ಕೂಸು ಅತ್ತಿತು. ಹೆಣ್ಣು ಕೂಸು. ಗಂಟಲು ಚೆನ್ನಾಗಿತ್ತಂತೆ.

ಆಮೇಲೆ ಮಾನಪ್ಪ ದೊಡ್ಡ ಹೆಸರು ಮಾಡಿದ. ದೂರದೂರದಿಂದ ಪಟ್ಟಿ ಮಾಡಿಸಲು ಬರುತ್ತಿದ್ದರು. ಬಂದವರನ್ನು ಅವನು ಮೊದಲು ಕೇಳುತ್ತಿದ್ದದ್ದು, ನಿಮ್ಮ ಗಾಡಿಯಲ್ಲಿ ಯಾರು ಯಾರು ಕೂರುತ್ತಾರೆ, ಯಾವತ್ತಾದರೂ ಒಬ್ಬರೇ ಹೋಗುತ್ತೀರಾ ಅಂತ. ಲಾಲಸಾಬನ ಕಾರಿಗೂ ಇನ್ನೊಂದು ಜೊತೆ ಪಟ್ಟಿ ಮಾಡಿದ, ಒಬ್ಬಳೇ ಬಸುರಿ ಮಲಗಿ ಹೋದರೂ ಮೆತ್ತಗಿರುವ ಪಟ್ಟಿ. ಬಹಳ ಚೆಂದ ಇತ್ತಂತೆ. ಕುಲುಮೆಯ ಗೋಡೆಗೆ ನೇತುಹಾಕಿದ್ದ. ಆದರೆ ಅದನ್ನು ಹಚ್ಚುವ ಯೋಗ ಅವನಿಗೆ ಬರಲೇ ಇಲ್ಲ. ಯಾರ ಮನೆಯಲ್ಲಾದರೂ ನೋವು ಶುರುವಾಯಿತು ಅಂದರೆ, ಮಾನಪ್ಪ ಬೋಲ್ಟು ಬಿಚ್ಚುವ ಪಾನಾ ಹುಡುಕುವುದರೊಳಗೆ ಊರವರು ಕಾರು ಹತ್ತಿ ಕೂತಿರುತ್ತಿದ್ದರು. ಅವನು ಸಿಟ್ಟು ಮಾಡಿಕೊಂಡು ಬೈಯುತ್ತಿದ್ದ, ಬೈದು ತಾನೂ ಹತ್ತುತ್ತಿದ್ದ.

ಈಗ ಮಾನಪ್ಪ ಇಲ್ಲ, ಆ ಕಾರೂ ಇಲ್ಲ. ಕಲ್ಲಿನ ಮೇಲೆ ಡಾಂಬರು ಬಿದ್ದಿದೆ, ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಆದರೂ ಪರಸಿಹಾಳದಲ್ಲಿ ಬಸುರಿಯನ್ನು ದವಾಖಾನೆಗೆ ಒಯ್ಯುವಾಗ ಓಣಿಯವರು ಬಾಗಿಲಿಗೆ ಬಂದು, ತೂಕಕ್ಕೆ ಎಷ್ಟು ಮಂದಿ ಬೇಕು ಅಂತ ಕೇಳುತ್ತಾರೆ. ಯಾರೂ ಬೇಡ ಅಂದರೂ ಬರುತ್ತಾರೆ. ಆಂಬುಲೆನ್ಸಿನವರು ಗದರುತ್ತಾರೆ, ಇವರು ಬೈಕು ಹತ್ತಿ, ಟಂಟಂ ಆಟೊ ಹತ್ತಿ ಹಿಂದೆಯೇ ಹೋಗುತ್ತಾರೆ. ಗೋಡೆ ಜಗಳದಲ್ಲಿ ಮಾತು ಬಿಟ್ಟ ದಾಯಾದಿಗಳೂ ಹೋಗುತ್ತಾರೆ. ಅಲ್ಲಿ ಒಳಗೆ ಹೋಗಿ ಯಾರಿಗೂ ಕಾಟ ಕೊಡುವುದಿಲ್ಲ, ಏನನ್ನೂ ಕೇಳುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡದಿದ್ದರೂ ಅಂಗಳದ ಕಟ್ಟೆಯ ಮೇಲೆ ಒತ್ತಿಕೊಂಡು ಕೂತಿರುತ್ತಾರೆ. ಕೂಸು ಅಳುವ ತನಕ ಅವರಲ್ಲಿ ಯಾರೂ ಏಳುವುದಿಲ್ಲ.